ಮಕ್ಕಳೂ ಮನೆಯ ಓದೂ

ಕಾಲೇಜಿನಲ್ಲಿ ಕನ್ನಡ ಕಲಿಸುವವನ ಮನೆಯಲ್ಲಿ ಮಕ್ಕಳು ಪುಸ್ತಕ ಹಿಡಿದೇ ಹುಟ್ಟುತ್ತಾರೆಂದು ನೆರೆಹೊರೆಯವರ ಎಣಿಕೆ. ಚಿಕ್ಕೋಡಿಯ ಸಂತೆಯಲ್ಲಿ ಸಿಕ್ಕವರು ಕಾಯಿಪಲ್ಲೆಯ ಚೀಲವನ್ನು ಕೆಳಗಿಳಿಸಿ, "ನಮ್ಮ ಹುಡುಗನಿಗೆ ಓದಿನ ರುಚಿ ಹತ್ತಿಸುವುದು ಹೇಗೆ?" ಎಂದು ಕೇಳುತ್ತಾರೆ. ನಾನು ಎರಡು ಹಿತವಚನ ನುಡಿದು ಬೇಗನೆ ಮುಂದೆ ಸಾಗುತ್ತಿದ್ದೆ. ಕಾರಣವನ್ನು ವಾಚಕರಲ್ಲಿ ಮರೆಮಾಚಲಾರೆ. ನನ್ನ ಮಗನೇ ಪುಸ್ತಕ ಕಂಡರೆ ಹೊಟ್ಟೆನೋವೆನ್ನುತ್ತಿದ್ದ.

ತಪ್ಪು ನನ್ನದು. ಅವನಿಗೆ ಎಂಟು ತುಂಬಿದ ವರ್ಷ, ದಿನವೂ ಊಟದ ಮುಂಚೆ ಎದುರಿಗೆ ಕೂರಿಸಿಕೊಂಡು ಓದಿಸುತ್ತಿದ್ದೆ. ಕಥೆಯಲ್ಲಿ ಹುಲಿ ಬಾವಿಯ ಬಳಿಗೆ ಬಂದಿರುತ್ತಿತ್ತು. ಆಗಲೇ ನಾನು 'ವ್ಯಾಘ್ರ' ಎಂದರೇನೆಂದು ಕೇಳುತ್ತಿದ್ದೆ. ಅಲ್ಪಪ್ರಾಣ, ಮಹಾಪ್ರಾಣಗಳ ತಿದ್ದಾಟ ಮುಗಿಯುವಷ್ಟರಲ್ಲಿ ಹುಲಿಯೂ ಸತ್ತಿರುತ್ತಿತ್ತು, ಹುಡುಗನ ಉತ್ಸಾಹವೂ ಸತ್ತಿರುತ್ತಿತ್ತು. ವೃತ್ತಿಯ ಚಟ ಮನೆಯ ಹೊಸ್ತಿಲಲ್ಲಿ ಚಪ್ಪಲಿಯೊಡನೆ ಉಳಿಯುವಂಥದಲ್ಲ.

ನನ್ನ ಕಣ್ಣು ತೆರೆಯಿಸಿದ್ದು ನಿಪ್ಪಾಣಿಯ ಒಂದು ಮನೆ. ತಂಬಾಕಿನ ಊರಾದ ಅಲ್ಲಿ ಹೆಂಗಸರು ಮನೆಯಲ್ಲಿಯೇ ಕುಳಿತು ಬೀಡಿ ಕಟ್ಟುತ್ತಾರೆ. ಕೂಲಿ ಸಾವಿರದ ಲೆಕ್ಕದಲ್ಲಿ. ವಿದ್ಯಾರ್ಥಿಯೊಬ್ಬನನ್ನು ಕಾಣಲೆಂದು ಹೋದಾಗ ಅವನ ತಾಯಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಸುತ್ತುತ್ತಿದ್ದರು. ಹತ್ತು ವರ್ಷದ ತಂಗಿ ಗೋಡೆಗೊರಗಿ ಗಟ್ಟಿಯಾಗಿ ಕಥೆಯೊಂದನ್ನು ಓದುತ್ತಿದ್ದಳು. ಅವಳು ತಡವರಿಸಿದಳು, ಒಂದು ಸಾಲು ಹಾರಿಸಿಯೂ ಬಿಟ್ಟಳು. ಯಾರೂ ತಿದ್ದಲಿಲ್ಲ. ನನ್ನನ್ನು ಕಂಡು ಸುಮ್ಮನಾದಾಗ ಮಾತ್ರ ತಾಯಿ ತಲೆಯೆತ್ತದೆ, "ನಿಂತ್ಯಾಕ? ಮುಂದೇನಾತು?" ಎಂದರು.

ಮುಂದೇನಾಯಿತು! ಹದಿನೈದು ವರ್ಷ ಪಾಠ ಹೇಳಿಯೂ ಈ ಪ್ರಶ್ನೆಯನ್ನು ನಾನು ಮಗನಿಗೆ ಒಮ್ಮೆಯೂ ಕೇಳಿರಲಿಲ್ಲ.

ತಂಬಾಕಿಗೂ ಓದಿಗೂ ಇರುವ ನಂಟು ಹಳೆಯದು. ಕ್ಯೂಬಾದ ಹವಾನಾ ನಗರದಲ್ಲಿ 1865ರಿಂದ ಚುಟ್ಟಾ ಸುತ್ತುವ ಕೂಲಿಕಾರರು ತಾವೇ ಹಣ ಕೂಡಿಸಿ ಓದುಗನೊಬ್ಬನನ್ನು ಇಟ್ಟುಕೊಳ್ಳುತ್ತಿದ್ದರು. ಅವನು ಎತ್ತರದ ಪೀಠದಿಂದ ಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಓದುತ್ತಿದ್ದ. ನಮ್ಮ ಮಲಬಾರಿನ ಬೀಡಿ ಕಟ್ಟುವ ಶಾಲೆಗಳಲ್ಲಿಯೂ, 1969ರಲ್ಲಿ ಕಣ್ಣೂರಿನಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರ ಸಂಘದಲ್ಲಿಯೂ ಒಬ್ಬ ಓದುವ, ಉಳಿದವರು ಕೇಳುವ ವಾಡಿಕೆಯಿತ್ತು. ಕೈಗೆ ಬಿಡುವಿಲ್ಲದವರಿಗೂ ಕಿವಿಗೆ ಬಿಡುವಿರುತ್ತದೆ.

ನನ್ನ ಮನೆಯಲ್ಲಿ ಅಂಥ ಕಿವಿ ಯಾವುದು? ನನ್ನ ತಾಯಿಯದು. ಆಕೆ ಕೊಲ್ಲಾಪುರದ ಕಡೆಯವಳು. ಶಾಲೆ ಕಲಿತದ್ದು ಮರಾಠಿಯಲ್ಲಿ. ರಾಯಬಾಗ, ಅಥಣಿಯ ಎಷ್ಟೋ ಸೊಸೆಯಂದಿರಂತೆ ಕನ್ನಡವನ್ನು ಚೆನ್ನಾಗಿ ಆಡುತ್ತಾಳೆ, ಓದಲಾರಳು. ನಾನು ಮಗನಿಗೆ, "ಅಜ್ಜಿಗೆ ಕನ್ನಡ ಓದಲು ಬಾರದು, ನೀನಾದರೂ ಓದಿ ಹೇಳು" ಎಂದೆ. ಕೊಟ್ಟದ್ದು ನನ್ನ ಬಾಲ್ಯದ 'ಚಂದಮಾಮ'ದ ಹಳೆಯ ಸಂಚಿಕೆಗಳು. ನಾನು ಅಡುಗೆಮನೆಯ ಕಡೆ ಸರಿದೆ. ಅಲ್ಲಿಂದಲೂ ಎರಡು ಉಚ್ಚಾರದೋಷಗಳು ಕೇಳಿಸಿದವು, ನಾಲಿಗೆ ಕಚ್ಚಿಕೊಂಡೆ.

ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಕನ್ನಡ 'ಚಂದಮಾಮ' 1949ರಲ್ಲಿ ಹೊರಟರೆ, ಅದರ ಮರಾಠಿ ರೂಪವಾದ 'ಚಾಂದೋಬಾ' 1952ರಲ್ಲಿ ಬಂತು. ಗಡಿಯ ಮನೆಗಳಲ್ಲಿ ಎರಡೂ ಬರುತ್ತಿದ್ದುದುಂಟು: ಅದೇ ಚಿತ್ರ, ಅದೇ ವಿಕ್ರಮ, ಹೆಗಲ ಮೇಲೆ ಅದೇ ಬೇತಾಳ. ಹೀಗಾಗಿ ಮೊಮ್ಮಗ ಓದುತ್ತಿದ್ದ ಕಥೆಗಳಲ್ಲಿ ಹಲವನ್ನು ಆಕೆ ಎಂದೋ ಓದಿದ್ದಳು. ಆದರೂ ಬೇತಾಳ ಪ್ರಶ್ನೆ ಹಾಕಿದಾಗಲೆಲ್ಲ ಏನೂ ಅರಿಯದವಳಂತೆ ಕೆನ್ನೆಗೆ ಕೈಯಿಡುತ್ತಿದ್ದಳು. ನನ್ನ ಪದವಿಗಳೆಲ್ಲ ಕಲಿಸದ ವಿದ್ಯೆ ಅದು.

ಪುಸ್ತಕಕ್ಕೆ ಹಣವೆಲ್ಲಿ ಎನ್ನುವವರು ತಮ್ಮೂರ ಗ್ರಾಮ ಪಂಚಾಯಿತಿಯ ಗ್ರಂಥಾಲಯದ ಬಾಗಿಲು ತಟ್ಟಲಿ; 2020ರಲ್ಲಿ ಸರಕಾರ ಆರಂಭಿಸಿದ 'ಓದುವ ಬೆಳಕು' ಈ ಮಕ್ಕಳಿಗಾಗಿಯೇ ಇದೆ. ಬೆಳೆದ ಮಕ್ಕಳಿಗೆ ಕಾಗವಾಡದ ನೆರೆಯ ಶೇಡಬಾಳದವರಾದ ಮಿರ್ಜಿ ಅಣ್ಣಾರಾಯರ 'ನಿಸರ್ಗ'ವನ್ನು ಕೊಡಬಹುದು. ನಮ್ಮ ಸೀಮೆಯ ಬದುಕು ಅಚ್ಚಿನಲ್ಲಿಯೂ ಇದೆಯೆಂದು ಕಂಡಾಗ ಹುಡುಗರ ಮುಖದಲ್ಲಿ ಮೂಡುವ ಬೆರಗನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ.

ಮೊನ್ನೆ ರಾತ್ರಿ ಓದಿನ ದನಿ ನಿಂತದ್ದರಿಂದ ಇಣುಕಿ ನೋಡಿದೆ. ಅಜ್ಜಿ ನಿದ್ದೆಹೋಗಿದ್ದಳು. ಹುಡುಗ ದೀಪವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತುಟಿಯನ್ನಷ್ಟೇ ಆಡಿಸುತ್ತ ಮುಂದಿನ ಪುಟದಲ್ಲಿದ್ದ.