ನೆಟ್ ಇಲ್ಲ ಅಂದ್ರೆ ಎಲ್ಲಿ ಇಲ್ಲ?

ಸ್ಕಾಲರ್‌ಶಿಪ್ ಅರ್ಜಿಗೆ ಇವತ್ತೇ ಕೊನೆ ದಿನ, ಲ್ಯಾಬಿನಲ್ಲಿ ನೆಟ್ ಇಲ್ಲ. ಗಾಬರಿ ಬೇಡ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂದು ಟೈಪ್ ಮಾಡಿ, ಎಂಟರ್ ಒತ್ತಿ. ನಿಮ್ಮ ನೆಟ್‌ವರ್ಕ್ ಅಡಾಪ್ಟರ್‌ಗೆ ಸಿಕ್ಕಿರುವ ಐಪಿ ವಿಳಾಸ ಕಾಣುತ್ತದೆ. ಅದು 169.254 ಎಂದು ಶುರುವಾಗಿದೆಯೇ? ಹಾಗಾದರೆ ವಿಳಾಸ ಹಂಚುವ ರೂಟರಿನಿಂದ ಉತ್ತರವೇ ಬಂದಿಲ್ಲ; ಕಾದು ಕಾದು ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ. ಮೊದಲು ಕೇಬಲ್ ನೋಡಿ, ಸಡಿಲ ಆಗಿರಬಹುದು.

ವಿಳಾಸ ಸರಿಯಿದ್ದರೆ ಪಿಂಗ್ ಎಂದು ಬರೆದು, ಜಾಗ ಬಿಟ್ಟು, ಡಿಫಾಲ್ಟ್ ಗೇಟ್‌ವೇ ಎದುರಿಗಿರುವ ಸಂಖ್ಯೆ ಕೊಡಿ. ಅದೇ ರೂಟರಿನ ವಿಳಾಸ. ಉತ್ತರ ಬಂತೋ, ನಿಮ್ಮ ಅಡಾಪ್ಟರ್, ಕೇಬಲ್ ಎರಡೂ ಚೆನ್ನಾಗಿವೆ. ತೊಂದರೆ ಅದರಾಚೆ ಇದೆ.

ಪಿಂಗ್ ಬರೆದವರು ಅಮೆರಿಕದ ಮೈಕ್ ಮೂಸ್, 1983ರ ಡಿಸೆಂಬರ್‌ನಲ್ಲಿ. ಹೆಸರು ಸೋನಾರ್ ಸದ್ದಿನದು. ಬಾವಿಯೊಳಗೆ ಕೂಗಿ ಮಾರ್ದನಿಗೆ ಕಾಯ್ತೀರಲ್ಲ, ಹಾಗೇ. ಇಲ್ಲಿ ಲೆಕ್ಕ ಮಾತ್ರ ಮಿಲಿಸೆಕೆಂಡಿನದು.