ಪ್ಲೇಟ್ ಬದಲಿಸುವ ಮೊದಲು ಆಯಿಲ್ ಡಬ್ಬಿ ನೋಡಿರಿ

ಜತ್ತ ತಾಲೂಕಿನ ಪೂರ್ವ ಭಾಗದ ಉಮದಿ, ಸಂಖ, ಮಾಡಗ್ಯಾಳದ ಕಡೆ ಹಳೆಯ ಟಾಟಾ ಸುಮೋ ಈಗಲೂ ಓಡುತ್ತಿವೆ. 1994ರಲ್ಲಿ ಪೇಟೆಗೆ ಬಂದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಸುಮಂತ ಮೂಳಗಾಂವಕರ ಎಂಬ ಹಿರಿಯರ ಹೆಸರು, ಅಡ್ಡಹೆಸರುಗಳ ಮೊದಲಕ್ಷರ ಕೂಡಿಸಿ ಸುಮೋ ಅಂತ ಹೆಸರಿಟ್ಟರು. ಕಂಪನಿ ತಯಾರಿಕೆ ನಿಲ್ಲಿಸಿದರೂ ನಮ್ಮ ಜನ ಗಾಡಿ ಬಿಟ್ಟಿಲ್ಲ. ಗುಡ್ಡಾಪುರ ದಾನಮ್ಮನ ದರ್ಶನಕ್ಕೂ ಅದೇ, ಬೇದಾಣೆಯ ಸ್ಯಾಂಪಲ್ ಹಿಡಿದು ಸಾಂಗಲಿ ಪೇಟೆಗೆ ಹೋಗಲಿಕ್ಕೂ ಅದೇ.

ಇಂಥ ಹಳೆಯ ಗಾಡಿಗಳಿಗೆ ಒಂದು ರೋಗ ಬರುತ್ತದೆ. ಕ್ಲಚ್ ಒತ್ತಿದರೆ ಪೆಡಲ್ ಕೆಳಗೇ ಕೂಡುತ್ತದೆ. ಬೂಟಿನ ತುದಿಯಿಂದ ಎತ್ತಬೇಕಾಗುತ್ತದೆ. ರಿವರ್ಸ್ ಹಾಕುವಾಗ ಗರ್ ಗರ್ ಸಪ್ಪಳ. ಇಲ್ಲವೇ ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಗ್ಯಾರೇಜಿಗೆ ಒಯ್ದರೆ ಮೊದಲು ಬರುವ ಮಾತು, "ಪ್ಲೇಟ್ ಹೋಗೇತಿ, ಗೇರ್ ಬಾಕ್ಸ್ ಇಳಸಬೇಕು."

ನಮ್ಮೂರ ಒಬ್ಬ ವಡಾಪ ಡ್ರೈವರ್ ಒಂದೇ ವರ್ಷದಲ್ಲಿ ಎರಡು ಸಲ ಪ್ಲೇಟ್ ಹಾಕಿಸಿದ. ಎರಡೂ ಸುಟ್ಟವು. ದುಡಿದದ್ದೆಲ್ಲ ಗ್ಯಾರೇಜಿಗೆ ಹೋಯಿತು. ಕಡೆಗೆ ನೋಡಿದರೆ ದೋಷ ಇದ್ದದ್ದು ಪೆಡಲ್ ಹಿಂದಿನ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಮಾಸ್ಟರ್ ಸಿಲಿಂಡರಿನಲ್ಲಿ. ಪ್ಲೇಟ್ ಸುಟ್ಟದ್ದು ಖರೇ, ಸುಟ್ಟವನು ಬೇರೆ!

ನಮ್ಮ ಮನೆಯಲ್ಲಿ ತೆಲುಗು, ಹೊಲದಲ್ಲಿ ಕನ್ನಡ, ಜತ್ತದ ಪೇಟೆಯಲ್ಲಿ ಮರಾಠಿ. ಗ್ಯಾರೇಜಿನಲ್ಲಿ ಮಾತ್ರ ಮೂವರದ್ದೂ ಒಂದೇ ಭಾಷೆ: ಕ್ಲಚ್, ವಾಶರ್, ಕಿಟ್. ಆ ಭಾಷೆಯ ಅರ್ಥ ಗಾಡಿ ಮಾಲೀಕನಿಗೂ ತಿಳಿದಿರಬೇಕು.

ಪೆಡಲ್ ಒತ್ತಿದಾಗ ಒಂದು ಕಡ್ಡಿ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ತಳ್ಳುತ್ತದೆ. ಪಿಸ್ಟನ್ನಿನ ಮುಂದಿನ ರಬ್ಬರ್ ವಾಶರ್ ಆಯಿಲ್ ಅನ್ನು ನಳಿಕೆಗೆ ನೂಕುತ್ತದೆ. ಗೇರ್ ಬಾಕ್ಸಿನ ಹತ್ತಿರದ ಸ್ಲೇವ್ ಸಿಲಿಂಡರ್ ಆ ಒತ್ತಡದಿಂದ ಕ್ಲಚ್ ಬಿಡಿಸುತ್ತದೆ. ಕಾಲು ತೆಗೆದಾಗ ಪಿಸ್ಟನ್ ಪೂರ್ತಿ ಹಿಂದೆ ಬರಬೇಕು. ಆಗ ಸಿಲಿಂಡರಿನ ಒಂದು ಸಣ್ಣ ತೂತು ತೆರೆದು, ಉಳಿದ ಒತ್ತಡದ ಆಯಿಲ್ ಡಬ್ಬಿಗೆ ಮರಳುತ್ತದೆ. ಪಿಸ್ಟನ್ ನಡುವೆ ಸಿಕ್ಕಿತೋ, ತೂತು ಮುಚ್ಚಿಯೇ ಇರುತ್ತದೆ. ಕಾಲು ಇಡದಿದ್ದರೂ ಯಾರೋ ಕ್ಲಚ್ ಮೇಲೆ ಅರ್ಧ ಕಾಲು ಇಟ್ಟ ಹಾಗೆ. ಪ್ಲೇಟ್ ತಿಕ್ಕಿ ತಿಕ್ಕಿ ಸುಡುತ್ತದೆ. ಹೊಸದು ಹಾಕಿದರೂ ಅದೇ ಗತಿ.

ಪಿಸ್ಟನ್ ಸಿಕ್ಕುವುದು ಯಾಕೆ? ಬ್ರೇಕ್ ಆಯಿಲ್‌ಗೆ ಗಾಳಿಯೊಳಗಿನ ತೇವ ಹೀರುವ ಗುಣ ಉಂಟು. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವ ಹಾಗೆ. ವರ್ಷಗಟ್ಟಲೆ ಬದಲಿಸದಿದ್ದರೆ ಆ ತೇವದಿಂದ ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಯುತ್ತದೆ. ತುಕ್ಕು, ರಬ್ಬರಿನ ಸವಕಳಿ ಕೂಡಿ ಕಪ್ಪು ರಾಡಿ ಆಗುತ್ತದೆ. ಹೊಸ ಆಯಿಲ್ ತಿಳಿ ಜೇನಿನ ಬಣ್ಣದ್ದು. ಡಬ್ಬಿಯಲ್ಲಿ ಕಪ್ಪು ಕಂಡರೆ ಒಳಗಿನ ಸ್ಥಿತಿ ಅರ್ಧ ತಿಳಿದಂತೆ.

ರೊಕ್ಕ ಕೊಡುವ ಮೊದಲು ಈ ಪರೀಕ್ಷೆ ಮಾಡಿಸಿರಿ. ಗಾಡಿ ಸಮ ನೆಲದಲ್ಲಿರಲಿ, ಗಾಲಿಗೆ ಕಲ್ಲು ಕೊಡಿರಿ, ಗೇರ್ ನ್ಯೂಟ್ರಲ್ ಇರಲಿ. ಪೆಡಲಿನಿಂದ ಕಡ್ಡಿಯ ಪಿನ್ ಬಿಚ್ಚಿ ಪೆಡಲ್ ಆಡಿಸಿರಿ. ಆಗಲೂ ಬಿಗಿ ಇದ್ದರೆ ದೋಷ ಪೆಡಲಿನ ಬುಶ್ ಅಥವಾ ಸ್ಪ್ರಿಂಗಿನದು. ಗ್ರೀಸಿನಲ್ಲೇ ಕೆಲಸ ಮುಗಿದೀತು. ಪೆಡಲ್ ಹಗುರ ಇದ್ದರೆ ಪಿನ್ ಮತ್ತೆ ಹಾಕಿ, ಕ್ಲಚ್ ಒತ್ತಿ ಬಿಡಿರಿ. ಸಿಕ್ಕ ಸ್ಥಿತಿಯಲ್ಲಿ ಮಾಸ್ಟರ್ ಸಿಲಿಂಡರಿನ ನಳಿಕೆಯ ನಟ್ ಸ್ವಲ್ಪ ಸಡಿಲಿಸಿರಿ. ಆಯಿಲ್ ಚಿಮ್ಮಿ ಕೆಳಗಿನ ಸ್ಲೇವ್ ಹಿಂದೆ ಸರಿದರೆ ದೋಷ ಮಾಸ್ಟರಿನದು. ಅಲ್ಲಿ ಸರಿಯದೆ, ಸ್ಲೇವಿನ ನಿಪ್ಪಲ್ ಬಿಚ್ಚಿದಾಗ ಸರಿದರೆ ನಡುವಿನ ರಬ್ಬರ್ ಹೋಸ್ ಒಳಗೆ ಉಬ್ಬಿದೆ. ಎಲ್ಲಿಯೂ ಸರಿಯದಿದ್ದರೆ ಸ್ಲೇವ್ ಇಲ್ಲವೇ ಒಳಗಿನ ಕ್ಲಚ್ ನೋಡಬೇಕು. ಗೇರ್ ಬಾಕ್ಸ್ ಇಳಿಸುವ ಮಾತು ಅಲ್ಲಿಗೆ ಬಂದಮೇಲೆ.

ಮಾಸ್ಟರ್ ಬಿಚ್ಚಿದಾಗ ಎದುರಿಗೇ ನಿಲ್ಲಿರಿ. ಲಾಕ್ ತೆಗೆದು ಪಿಸ್ಟನ್, ವಾಶರ್, ಸ್ಪ್ರಿಂಗ್ ಹೊರಬಂದ ಸಾಲಿನಲ್ಲೇ ಬಿಳಿ ಬಟ್ಟೆಯ ಮೇಲೆ ಇಡಿಸಿರಿ. ಒಳಗೋಡೆಯನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿರಿ. ಕಲೆ ಮಾತ್ರ ಇದ್ದರೆ ಕಿಟ್ ಸಾಕು. ಉಗುರಿಗೆ ತಗಲುವ ಕುಳಿ ಅಥವಾ ಗೆರೆ ಇದ್ದರೆ ಕಿಟ್ ಹಾಕುವುದು ರೊಕ್ಕ ಚೆಲ್ಲಿದಂತೆ. ಹೊಸ ವಾಶರನ್ನೂ ಆ ಕುಳಿ ಹರಿಯುತ್ತದೆ. ಸಿಲಿಂಡರೇ ಹೊಸದು ಬೇಕು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ಸಾಮಾನನ್ನು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೆಯಗೊಡಬೇಡಿರಿ. ರಬ್ಬರ್ ಉಬ್ಬುತ್ತದೆ, ವಾರದಲ್ಲಿ ಮತ್ತೆ ಸಿಕ್ಕುತ್ತದೆ. ಹೊಸ ಬ್ರೇಕ್ ಆಯಿಲ್‌ನಿಂದಲೇ ತೊಳೆದು, ಅದನ್ನೇ ಸವರಿ ಕೂಡಿಸಬೇಕು. ಡಬ್ಬಿಯಲ್ಲಿ ಆಯಿಲ್ ಕಡಿಮೆ ಆಯಿತೆಂದು ಇಂಜಿನ್ ಆಯಿಲ್ ಸುರಿಯುವವರೂ ಇದ್ದಾರೆ. ಹಾಗೆ ಮಾಡಿದರೆ ಮಾಸ್ಟರಿನಿಂದ ಸ್ಲೇವಿನವರೆಗೆ ರಬ್ಬರೆಲ್ಲ ಹಾಳು. ವಾಶರಿನ ಬಾಯಿ ಸ್ಪ್ರಿಂಗಿನ ಕಡೆ, ಅಂದರೆ ಒತ್ತಡದ ಕಡೆಗೆ ಇರಬೇಕು. ಕಡ್ಡಿಗೂ ಪಿಸ್ಟನ್ನಿಗೂ ನಡುವೆ ತುಸು ಸಡಿಲು ಬಿಡಬೇಕು. ಬಿಗಿ ಮಾಡಿದರೆ ಆ ಸಣ್ಣ ತೂತು ಮತ್ತೆ ಮುಚ್ಚುತ್ತದೆ. ಕಡೆಗೆ ಏರ್ ತೆಗೆಯುವುದು: ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಬಿಚ್ಚಿ ಮುಚ್ಚಬೇಕು, ಆಮೇಲೆ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲುವವರೆಗೂ ಇದೇ ಕೆಲಸ, ಡಬ್ಬಿ ಮಾತ್ರ ನಡುವೆ ಬರಿದಾಗಬಾರದು. ಹೊರಬಂದ ಆಯಿಲ್ ಮತ್ತೆ ಡಬ್ಬಿಗೆ ಹಾಕಬಾರದು. ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರಿನಿಂದ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಏಳುತ್ತದೆ.

ಇಷ್ಟೆಲ್ಲ ಬರೆದದ್ದು ಕ್ಲಚ್ ಒಂದರ ಸಲುವಾಗಿ ಅಲ್ಲ. ಬ್ರೇಕಿನಲ್ಲಿ ಇರುವುದೂ ಇದೇ ಜಾತಿಯ ಆಯಿಲ್, ಬಹಳ ಸಲ ಇದೇ ವಯಸ್ಸಿನದು. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮ. ತೇವ ಕುಡಿದಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿನ ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಒಳಗೆ ಹಬೆ ತುಂಬಿ ಪೆಡಲ್ ನೆಲಕ್ಕೆ ಹೋಗುತ್ತದೆ. ಕ್ಲಚ್ ಕೈಕೊಟ್ಟರೆ ಗಾಡಿ ನಿಂತೀತು. ಬ್ರೇಕ್ ಕೈಕೊಟ್ಟರೆ ಗಾಡಿ ನಿಲ್ಲುವುದಿಲ್ಲ.

ಆದ್ದರಿಂದ ಕ್ಲಚ್ ಸಿಕ್ಕಿದ ದಿನವೇ ಬ್ರೇಕಿನ ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡಿರಿ. ಎರಡು ವರ್ಷಕ್ಕೊಮ್ಮೆ ಎರಡರ ಆಯಿಲ್ ಬದಲಿಸಿರಿ. ಮುಚ್ಚಳದ ಮೇಲೆ ಬರೆದ ನಂಬರಿನ ಆಯಿಲ್ ಅನ್ನೇ ಸೀಲ್ ಒಡೆಯದ ಡಬ್ಬಿಯಿಂದ ಹಾಕಿಸಿ, ಬದಲಿಸಿದ ತಾರೀಖನ್ನು ಬಾನೆಟ್ಟಿನ ಒಳಗೆ ಬರೆದಿಡಿರಿ. ಎತ್ತಿಗೆ ಲಾಳ ಕಟ್ಟಿಸಿದ ದಿನ ನೆನಪಿಡುವ ರೈತನಿಗೆ ಇದು ಭಾರವಲ್ಲ.