ಜೇಡಕ್ಕೂ ಬಾಣಂತನವೆ?

ಜೇಡವೆಂದೊಡನೆ ಪೊರಕೆಯನ್ನು ಅರಸುವುದು ನಮ್ಮ ಮನೆಗಳ ಪದ್ಧತಿ. ಮೂಲೆಯಲ್ಲಿ ಬಲೆ ಕಟ್ಟಿದುದು ನೆಂಟರ ಕಣ್ಣಿಗೆ ಬಿದ್ದರೆ ಮನೆಯೊಡತಿಯ ಮಾನವೇ ಹೋದಂತೆ. ಅಂಥ ಮನೆತನದಲ್ಲಿ ಹುಟ್ಟಿ ಬೆಳೆದ ನಾವು ಅಂಗೈಯಗಲದ ಜೇಡವೊಂದನ್ನು ಹಣ ಕೊಟ್ಟು ಮನೆಗೆ ತಂದು, ಅದಕ್ಕೆ ಎಲ್ಲಿ ಚಳಿಯಾದೀತೋ ಎಂದು ನಡುರಾತ್ರಿಯಲ್ಲಿ ಎದ್ದೆದ್ದು ನೋಡುವ ಕಾಲ ಬಂದೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಬಂದುದು ಹೀಗೆ.

ನಮ್ಮ ವಾಸ ಇಂಗ್ಲೆಂಡಿನ ಉತ್ತರಭಾಗದ ಲೀಡ್ಸ್ ನಗರದಲ್ಲಿ. 2022ನೆಯ ಇಸವಿಯ ಅಕ್ಟೋಬರಿನಲ್ಲಿ ಮಗನಿಗೆ ಹದಿನಾಲ್ಕು ತುಂಬಿತು. ನಾಯಿ ಸಾಕಲು ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ. ಬೆಕ್ಕಿನ ರೋಮ ಮನೆಯವರಿಗೆ ಒಗ್ಗದು. ಎರಡು ವರ್ಷಗಳಿಂದ ಅವನು ಕೇಳುತ್ತಿದ್ದುದು ಟರಾಂಟುಲವೆಂಬ ದೊಡ್ಡ ಜೇಡವನ್ನು. ಸದ್ದಿಲ್ಲ, ವಾಸನೆಯಿಲ್ಲ, ವಾರಕ್ಕೊಂದು ಮಿಡತೆ ಸಾಕು ಎಂದು ವಕೀಲನಂತೆ ವಾದಿಸಿ ಗೆದ್ದ. ಪ್ರಾಣಿಗಳನ್ನು ಮಾರುವ ಒಂದು ಅಂಗಡಿಯಿಂದ ಗಾಜಿನ ಪೆಟ್ಟಿಗೆಯ ಸಹಿತ ಅದು ಮನೆಗೆ ಬಂದಿತು. ಮೈಯೆಲ್ಲ ಕಪ್ಪುರೋಮ, ಕಾಲಿನ ಗಂಟುಗಳಲ್ಲಿ ಕೆಂಡದ ಬಣ್ಣ. ಆ ಚಳಿಗಾಲಕ್ಕೆಂದು ಮೈಸೂರಿನಿಂದ ಬಂದಿದ್ದ ನಮ್ಮ ತಾಯಿಯವರು ಎರಡು ದಿನ ಆ ಕೋಣೆಗೆ ಕಾಲಿಡಲಿಲ್ಲ. ಮೂರನೆಯ ದಿನ ಬಾಗಿಲಲ್ಲಿಯೇ ನಿಂತು ನೋಡಿ, ಕೆಂಪಮ್ಮನೆಂದು ಹೆಸರಿಟ್ಟರು. ಗಂಡೋ ಹೆಣ್ಣೋ ತಿಳಿಯದಲ್ಲಾ ಅಜ್ಜಿ ಎಂದು ಮಗನು ಹೇಳಿದರೆ, “ಇಷ್ಟು ಗಂಭೀರವಾಗಿ ಕೂತಿರೋದು ಹೆಣ್ಣೇ ಕಣೋ” ಎಂದರು.

ಈ ಜಾತಿಯ ಸ್ವಂತ ನೆಲೆ ಮೆಕ್ಸಿಕೋ ದೇಶದ ಪೆಸಿಫಿಕ್ ಕರಾವಳಿಯ ಬೆಟ್ಟಸೀಮೆ. ನೆಲದಲ್ಲಿ ಬಿಲ ತೋಡಿಕೊಂಡು, ಬಿಲದ ಬಾಯಲ್ಲಿ ಕುಳಿತು, ಹಾದುಹೋಗುವ ಹುಳುವನ್ನು ಹಿಡಿದು ಬದುಕುತ್ತದೆ. ಟರಾಂಟುಲವೆಂಬ ಹೆಸರು ಮಾತ್ರ ಅಲ್ಲಿಯದಲ್ಲ. ಇಟಲಿಯ ಟಾರಂಟೋ ಪಟ್ಟಣದ ಸೀಮೆಯಲ್ಲಿ ಬೇರೊಂದು ಬಗೆಯ ಜೇಡಕ್ಕೆ ಇದ್ದ ಹೆಸರು ಸಮುದ್ರ ದಾಟಿ ಇದಕ್ಕೆ ಅಂಟಿಕೊಂಡಿತು. ಆ ಇಟಲಿಯ ಜೇಡ ಕಡಿದವರು ಕುಣಿದರೆ ವಿಷ ಇಳಿಯುವುದೆಂದು ಅಲ್ಲಿಯ ಜನ ನಂಬಿದ್ದರಂತೆ. ಕಾಡಿನಿಂದ ಹಿಡಿದು ಮಾರುವುದು ಮಿತಿಮೀರಿದುದರಿಂದ ಕೆಂಪು ಗಂಟಿನ ಈ ಜೇಡವನ್ನು 1985ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರನಿಯಮದ ಅಂಕೆಗೆ ತಂದರು. ನಮ್ಮದು ಸಾಕಿದ ತಾಯಿಯ ಮರಿ.

ಅಂಗಡಿಯಾತನು ಪೆಟ್ಟಿಗೆಯ ಜೊತೆಯಲ್ಲಿ ವಿದ್ಯುತ್ತಿನಿಂದ ಕಾಯುವ ತೆಳುವಾದ ಚಾಪೆಯೊಂದನ್ನೂ ಕೊಟ್ಟಿದ್ದನು. ಬಿಸಿಲುನಾಡಿನ ಪ್ರಾಣಿ, ಚಾಪೆಯನ್ನು ಪೆಟ್ಟಿಗೆಯ ಅಡಿಗೆ ಹಾಸಿ, ಹಗಲೂ ರಾತ್ರಿಯೂ ಉರಿಯಲಿ, ಎಂಬುದು ಅವನ ಉಪದೇಶ. ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದುದನ್ನು ಕಂಡವರು ನಾವು. ಅಡಿಯಿಂದ ಕಾವು ಕೊಡುವುದು ನಮಗೆ ಅತ್ಯಂತ ಸಹಜವಾಗಿಯೇ ತೋರಿತು. ತಾಯಿಯವರು ಮಾತ್ರ, “ಇದಕ್ಕೂ ಬಾಣಂತನವೇನಪ್ಪಾ?” ಎಂದು ನಕ್ಕರು. ಆ ನಗೆಯಲ್ಲಿದ್ದ ವಿವೇಕ ನಮಗೆ ಹತ್ತು ದಿನ ತಡವಾಗಿ ತಿಳಿಯಿತು.

ನವೆಂಬರಿನ ಮೊದಲ ವಾರದಲ್ಲಿ ಚಾಪೆ ಹಾಸಿದೆವು. ನಾಲ್ಕನೆಯ ದಿನ ಕೆಂಪಮ್ಮ ಗಾಜಿನ ಗೋಡೆಯನ್ನು ಹತ್ತಿ ಮುಚ್ಚಳದ ಬಳಿ ಕುಳಿತಳು. ಬೆಚ್ಚಗಾಗಿ ಉಲ್ಲಾಸದಿಂದ ಓಡಾಡುತ್ತಿದ್ದಾಳೆಂದು ನಾವು ಹಿಗ್ಗಿದೆವು. ಕೆಳಗಿಳಿಯಲೇ ಇಲ್ಲ. ಕೊಟ್ಟ ಮಿಡತೆಯನ್ನು ಮುಟ್ಟಲಿಲ್ಲ. ಚಳಿ ಸಾಲದೇನೋ ಎಂದು ಮಗನು ಪೆಟ್ಟಿಗೆಯ ಮೇಲೆ ಶಾಲನ್ನೂ ಹೊದಿಸಿದ. ಹತ್ತನೆಯ ದಿನ ಬೆಳಿಗ್ಗೆ ನೋಡಿದರೆ ನೀರಿನ ಬಟ್ಟಲು ಒಣಗಿದೆ. ಅದರ ಮೇಲೆ ಕೆಂಪಮ್ಮ ಕಾಲುಗಳನ್ನು ಮೈಯಡಿಗೆ ಎಳೆದುಕೊಂಡು, ಮುಷ್ಟಿ ಹಿಡಿದಂತೆ ಕುಗ್ಗಿ ಕುಳಿತಿದ್ದಾಳೆ. ಮಗನು ಶಾಲೆಗೆ ಹೋಗಲೊಲ್ಲ. ಅಡಿಗೆಗೆ ಇಟ್ಟುಕೊಂಡಿದ್ದ ಉಷ್ಣಮಾಪಕದ ಕಡ್ಡಿಯನ್ನು ಮಣ್ಣಿನ ತಳದವರೆಗೆ ಚುಚ್ಚಿ ನೋಡಿದೆವು: ಸೆಂಟಿಗ್ರೇಡ್ 41 ಡಿಗ್ರಿ! ಚಳಿಯಿಂದ ಉಳಿಸಲು ಹೋಗಿ ಬಾಣಲೆಯ ಮೇಲೆ ಕೂರಿಸಿದ್ದೆವು.

ಅದೇಕೆ ಹೀಗಾಯಿತೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಮೊದಲ ಬಾರಿಗೆ ಸಾಕುವವರು ಎಡವುವುದು ಇಲ್ಲಿಯೇ. ಕಾಡಿನಲ್ಲಿ ಕಾವು ಬರುವುದು ಮೇಲಿನಿಂದ, ಸೂರ್ಯನಿಂದ. ನೆಲದೊಳಕ್ಕೆ ಇಳಿದಷ್ಟೂ ತಂಪು ಮತ್ತು ತೇವ. ಬಿಸಿಯಾದಾಗ ಕೆಳಕ್ಕೆ ಅಗೆ ಎಂಬುದು ಈ ಪ್ರಾಣಿಗೆ ಹುಟ್ಟಿನಿಂದ ಬಂದ ಬುದ್ಧಿ. ಬೆಂಕಿಯನ್ನೇ ಕೆಳಗಿಟ್ಟರೆ ಅದು ಅಗೆದಷ್ಟೂ ಬೇಯುತ್ತದೆ. ನಮ್ಮ ಕೆಂಪಮ್ಮನಿಗೆ ಹತ್ತಲು ಗೋಡೆಯಿದ್ದುದರಿಂದ ಉಳಿದಳು. ಗೋಡೆ ಹತ್ತುವುದೂ ಕ್ಷೇಮವಲ್ಲ: ನೆಲದ ಜೇಡದ ಹೊಟ್ಟೆ ತೆಳುಚರ್ಮದ ಚೀಲದಂತಿದ್ದು, ಗೇಣೆತ್ತರದಿಂದ ಬಿದ್ದರೂ ಒಡೆದೀತು.

ಎರಡನೆಯ ಅಪಾಯ ಒಣಗುವುದು. ಜೇಡದ ಕಾಲಿನ ಮುಖ್ಯ ಗಂಟುಗಳಲ್ಲಿ ಮಡಚುವ ಸ್ನಾಯುಗಳುಂಟು, ಚಾಚುವ ಸ್ನಾಯುಗಳಿಲ್ಲ. ಮೈಯೊಳಗಿನ ದ್ರವವನ್ನು ಕಾಲಿಗೆ ಒತ್ತಿ, ಆ ಒತ್ತಡದಿಂದ ಕಾಲು ಚಾಚುತ್ತದೆ. ಮೈಯ ನೀರು ಆರಿದರೆ ಒತ್ತಡ ಕುಂದಿ ಕಾಲುಗಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳುತ್ತವೆ. ನಾವು ಕಂಡ ಮುಷ್ಟಿ ಅದೇ. ಚಾಪೆಯನ್ನು ಕಿತ್ತೆಸೆದು, ಬಟ್ಟಲು ತುಂಬಿ, ಕೆಂಪಮ್ಮನನ್ನು ಕಾಗದದ ತುಂಡಿನಿಂದ ಮೆಲ್ಲಗೆ ನೂಕಿ, ಬಾಯಿ ನೀರಿನಂಚಿಗೆ ತಾಗುವಂತೆ ಮಾಡಿದೆವು. ಮೈಯ ಹಿಂಭಾಗ ನೀರಿನಲ್ಲಿ ಮುಳುಗಕೂಡದು, ಉಸಿರಾಡುವ ರಂಧ್ರಗಳು ಹೊಟ್ಟೆಯ ಅಡಿಯಲ್ಲಿವೆ. ಅರ್ಧ ಗಂಟೆ ಚಲನೆಯಿಲ್ಲ. ಆಮೇಲೆ ಒಂದು ಕಾಲು ನಡುಗಿ ಚಾಚಿತು. ಸಂಜೆ ಮಗನು ಬರುವ ಹೊತ್ತಿಗೆ ಎಂಟು ಕಾಲುಗಳ ಮೇಲೂ ನಿಂತಿದ್ದಳು. ಆ ಹಗಲು ನಾವು ಕಚೇರಿಯ ಕೆಲಸ ಮಾಡಿದೆವೆಂದು ಹೇಳಿದರೆ ಸುಳ್ಳಾದೀತು.

ಈ ದೇಶದ 2006ರ ಪ್ರಾಣಿಕ್ಷೇಮ ಕಾಯಿದೆ ಬೆನ್ನೆಲುಬುಳ್ಳ ಪ್ರಾಣಿಗಳಿಗೆ ಮಾತ್ರ ಅನ್ವಯಿಸುತ್ತದೆ. ಜೇಡವನ್ನು ಬೇಯಿಸಿ ಕೊಂದವನನ್ನು ಆ ಕಾಯಿದೆ ಕೇಳುವುದಿಲ್ಲ. ಕೇಳುವವನು ಮನೆಯ ಹುಡುಗ. ಅವನು ಏನೂ ಕೇಳಲಿಲ್ಲವೆಂಬುದೇ ನಮಗೆ ಹೆಚ್ಚು ನೋವಾಯಿತು.

ಚಾಪೆಯೇನೋ ಹೋಯಿತು, ಇನ್ನು ಚಳಿಯ ಚಿಂತೆ. ಆ ವರ್ಷ ಇಂಧನದ ಬೆಲೆ ಏರಿದುದು ವಾಚಕರಿಗೆ ನೆನಪಿರಬಹುದು. 2021ರ ಅಕ್ಟೋಬರಿನಲ್ಲಿ ಸಾಧಾರಣ ಸಂಸಾರವೊಂದಕ್ಕೆ ವರ್ಷಕ್ಕೆ 1277 ಪೌಂಡು ಎಂದಿದ್ದ ಸರಕಾರಿ ಮಿತಿ, ಮುಂದಿನ ಅಕ್ಟೋಬರಿಗೆ ಸರಕಾರವೇ ಸಹಾಯ ಕೊಟ್ಟ ಮೇಲೆಯೂ 2500 ಪೌಂಡಿಗೆ ನಿಂತಿತು. ರಾತ್ರಿ ಹತ್ತಕ್ಕೆ ಕಾವಿನ ಯಂತ್ರವನ್ನು ಆರಿಸಿ, ಕಂಬಳಿಯೊಳಗೆ ಸೇರುವುದು ಎಲ್ಲ ಮನೆಗಳ ರೂಢಿಯಾಯಿತು. ಬೆಳಗಿನ ಜಾವಕ್ಕೆ ಮಗನ ಕೋಣೆ 17 ಡಿಗ್ರಿಗೆ ಇಳಿಯುತ್ತಿತ್ತು. ಒಂದು ಹುಳುವಿಗಾಗಿ ಇಡೀ ಮನೆಯನ್ನು ಕಾಯಿಸಬೇಕೆ ಎಂದು ಮನೆಯವರು ಕೇಳಿದುದು ನ್ಯಾಯವಾಗಿಯೇ ಇತ್ತು. ಮಗನು ತನ್ನ ಹುಟ್ಟುಹಬ್ಬದ ಹಣವನ್ನು ತಂದು ಮೇಜಿನ ಮೇಲಿಟ್ಟ. ಅದನ್ನು ನಾವು ತೆಗೆದುಕೊಳ್ಳಲಿಲ್ಲ.

ಅನುಭವಿಗಳನ್ನು ಕೇಳಿ, ಪುಸ್ತಕಗಳನ್ನು ತಿರುವಿ ನಾವು ತಿಳಿದುದಿಷ್ಟು. ಈ ಜಾತಿಗೆ 20ರಿಂದ 27 ಡಿಗ್ರಿಯವರೆಗೆ ಸುಖ. ರಾತ್ರಿ ಕೆಲವು ಗಂಟೆ 17ಕ್ಕೋ 18ಕ್ಕೋ ಇಳಿದರೆ ಸಾಯುವುದಿಲ್ಲ. ಅದರ ಮೈಗೆ ನಮ್ಮಂತೆ ಸ್ವಂತ ಶಾಖವಿಲ್ಲ; ಸುತ್ತಲಿನ ಕಾವಿನಷ್ಟೇ ಮೈಯ ಕಾವು. ತಂಪಾದರೆ ಬದುಕಿನ ಗತಿ ನಿಧಾನವಾಗುತ್ತದೆ: ಕಡಿಮೆ ತಿನ್ನುತ್ತದೆ, ಕಡಿಮೆ ಚಲಿಸುತ್ತದೆ, ಪೊರೆ ಬಿಡುವುದು ತಡವಾಗುತ್ತದೆ. ತಂಪು ತಡಮಾಡಿದರೆ ಅತಿಶಾಖ ಕೊಲ್ಲುತ್ತದೆ. ಮನುಷ್ಯರು ಅಂಗಿ ತೊಟ್ಟು ಹಾಯಾಗಿ ಕೂರುವ ಕೋಣೆ ಈ ಜೇಡಕ್ಕೂ ಹಿತವೇ. ಇದು ಕೆಂಪು ಗಂಟಿನ ಜೇಡದ ಮಾತು. ತೇವದ ಮಳೆಕಾಡಿನಿಂದ ಬಂದ ಜಾತಿಗಳ ಬೇಡಿಕೆ ಬೇರೆ. ಆದುದರಿಂದ ಕೊಳ್ಳುವ ಮೊದಲೇ ಜಾತಿ ಯಾವುದೆಂದು ಕೇಳಿ ತಿಳಿಯತಕ್ಕದ್ದು.

ಪೆಟ್ಟಿಗೆಯನ್ನು ಎಲ್ಲಿಡಬೇಕೆಂಬ ಪ್ರಶ್ನೆಯನ್ನು ಬಿಡಿಸಿದವರು ತಾಯಿಯವರು. ಕಿಟಕಿಯ ಬಳಿ ಹಗಲು ಗಾಜಿನ ಮೂಲಕ ಬಿಸಿಲು ಬಿದ್ದು ಪೆಟ್ಟಿಗೆ ಒಲೆಯಾಗುತ್ತದೆ, ರಾತ್ರಿ ಶೀತ. ಕಾವಿನ ಯಂತ್ರದ ಪಕ್ಕದಲ್ಲಿ ಒಮ್ಮೆ ಸುಡುತ್ತದೆ, ಒಮ್ಮೆ ಆರುತ್ತದೆ. ನಾವು ತಲೆ ಕೆರೆಯುತ್ತಿರಲು ಅವರು, “ದೋಸೆ ಹಿಟ್ಟು ಎಲ್ಲಿ ಉಕ್ಕುತ್ತೋ ಅಲ್ಲಿಡು” ಎಂದರು. ಈ ಚಳಿದೇಶದಲ್ಲಿ ಸಂಸಾರ ಮಾಡುವ ಪ್ರತಿ ಕನ್ನಡದ ಗೃಹಿಣಿಗೂ ತನ್ನ ಮನೆಯ ಬೆಚ್ಚನೆಯ ಮೂಲೆ ಯಾವುದೆಂಬುದು ಹಿಟ್ಟಿನಿಂದಲೂ ಹೆಪ್ಪು ಹಾಕಿದ ಮೊಸರಿನಿಂದಲೂ ತಿಳಿದಿರುತ್ತದೆ. ನಮ್ಮಲ್ಲಿ ಅದು ಬಿಸಿನೀರಿನ ಹಂಡೆಯಿರುವ ಬೀರು. ಒಳಗೆ ಅಳೆದರೆ 30 ಡಿಗ್ರಿ. ಹಿಟ್ಟಿಗೆ ಸರಿ, ಜೇಡಕ್ಕೆ ಹೆಚ್ಚು, ಗಾಳಿಯೂ ಸಾಲದು. ಆದರೆ ಆ ಬೀರುವಿಗೆ ಒತ್ತಿದ ಮಗನ ಕೋಣೆಯ ಒಳಗೋಡೆ ಹಗಲೂ ರಾತ್ರಿಯೂ ಸಮನಾಗಿ ಬೆಚ್ಚಗಿತ್ತು. ಅಲ್ಲಿ ಎದೆಯೆತ್ತರಕ್ಕೆ ಹಲಗೆ ಹೊಡೆದು ಪೆಟ್ಟಿಗೆಯನ್ನಿಟ್ಟೆವು. ನೆಲದ ಮೇಲಿನ ಗಾಳಿಗಿಂತ ಎತ್ತರದ ಗಾಳಿ ಬೆಚ್ಚಗೆ; ಎರಡಕ್ಕೂ ಮೂರು ಡಿಗ್ರಿ ಅಂತರವನ್ನು ನಾವೇ ಅಳೆದೆವು. ಒಂದು ಕಾಸೂ ಖರ್ಚಿಲ್ಲದೆ ಪೆಟ್ಟಿಗೆ 21ಕ್ಕೆ ನಿಂತಿತು.

ಜನವರಿಯಲ್ಲಿ ಹಿಮ ಬಿದ್ದ ವಾರ ಮಾತ್ರ ಇದು ಸಾಲಲಿಲ್ಲ. ಆಗ ಅದೇ ಚಾಪೆಯನ್ನು ಮತ್ತೆ ತೆಗೆದೆವು, ಆದರೆ ಅಡಿಗಲ್ಲ. ಪೆಟ್ಟಿಗೆಯ ಒಂದು ಬದಿಯ ಗಾಜಿಗೆ, ಹೊರಗಡೆಯಿಂದ, ಮಣ್ಣಿನ ಮಟ್ಟಕ್ಕಿಂತ ಮೇಲೆ ಅಂಟಿಸಿದೆವು. ಪೆಟ್ಟಿಗೆಯ ಮೂರರಲ್ಲೊಂದು ಭಾಗ ಬೆಚ್ಚಗಾದರೆ ಸಾಕು. ಉಳಿದುದು ತಂಪಾಗಿದ್ದರೆ ಪ್ರಾಣಿ ತನಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳುತ್ತದೆ. ಕಾವು ಮಿತಿ ಮುಟ್ಟಿದೊಡನೆ ವಿದ್ಯುತ್ತನ್ನು ಕಡಿಯುವ ಥರ್ಮೋಸ್ಟಾಟ್ ಎಂಬ ಯಂತ್ರವನ್ನು ಕೊಂಡು 24ಕ್ಕೆ ಕಟ್ಟಿದೆವು. ಅದರ ತಂತಿಯ ತುದಿಯನ್ನು ಚಾಪೆಗೂ ಗಾಜಿಗೂ ನಡುವೆ ಸಿಕ್ಕಿಸಿದೆವು. ಈ ಯಂತ್ರವಿಲ್ಲದೆ ಚಾಪೆಯನ್ನು ಹೊತ್ತಿಸಲೇ ಕೂಡದು. ಬಿಸಿದೀಪಗಳೂ ಕಾಯುವ ಕಲ್ಲುಗಳೂ ಹಲ್ಲಿಯ ಜಾತಿಗೆ ಒಗ್ಗಿಯಾವು, ಜೇಡವನ್ನು ಒಣಗಿಸುತ್ತವೆ. ಕಾವು ಕೊಟ್ಟಷ್ಟೂ ನೀರು ಆರುತ್ತದಾದ್ದರಿಂದ ಬಟ್ಟಲನ್ನು ನಿತ್ಯವೂ ನೋಡಬೇಕು. ಮಣ್ಣನ್ನು ಕೆಸರು ಮಾಡುವುದು ಬೇಡ. ವಿದ್ಯುತ್ತು ನಿಂತರೆ ಹೆದರಬೇಕಾದುದಿಲ್ಲ, ಗಾಳಿಗೆ ಎಡೆಬಿಟ್ಟು ಪೆಟ್ಟಿಗೆಯ ಸುತ್ತ ದಟ್ಟಿ ಸುತ್ತಿದರೆ ಒಂದು ರಾತ್ರಿ ಕಳೆಯುತ್ತದೆ.

ಮುಟ್ಟಿ ಆಡಿಸುವ ಪ್ರಾಣಿ ಇದಲ್ಲವೆಂಬುದನ್ನೂ ಹೇಳಿಬಿಡೋಣ. ರೇಗಿದರೆ ಹಿಂಗಾಲಿನಿಂದ ಹೊಟ್ಟೆಯ ರೋಮವನ್ನು ಕೆರೆದು ಗಾಳಿಗೆ ತೂರುತ್ತದೆ; ತುರಚಿಸೊಪ್ಪು ತಗುಲಿದಂತೆ ಚರ್ಮ ಉರಿಯುತ್ತದೆ, ಕಣ್ಣಿಗೆ ಬಿದ್ದರೆ ವೈದ್ಯರ ಬಳಿ ಹೋಗಬೇಕಾದೀತು. ಇನ್ನು ಊರಿನಲ್ಲಿರುವ ವಾಚಕರಿಗೆ ಒಂದು ಮಾತು. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಈ ಕುಟುಂಬದ ಸುಂದರವಾದ ಜೇಡಗಳುಂಟು. ಕೆಲವು ಮರದ ಪೊಟರೆಗಳಲ್ಲಿ ವಾಸಿಸುತ್ತವೆ. ಅವು ಅಲ್ಲಿಯೇ ಇರಲಿ. ಹೊರದೇಶದ ಇಂಥ ಪ್ರಾಣಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕೆಂದು ವನ್ಯಜೀವಿ ಕಾಯಿದೆಯ 2022ರ ತಿದ್ದುಪಡಿ ವಿಧಿಸಿದೆ.

ಜನವರಿಯ ಕೊನೆಯಲ್ಲಿ ಕೆಂಪಮ್ಮ ಊಟ ಬಿಟ್ಟಳು. ಚಳಿಯೇ ಕಾರಣವೆಂದು ಮಗನಿಗೆ ಮತ್ತೆ ಭಯ. ಥರ್ಮೋಸ್ಟಾಟನ್ನು 28ಕ್ಕೆ ತಿರುಗಿಸಲೇ ಎಂದು ಕೇಳಿದ. ಈ ಸಲ ನಾವು ಕೈ ಹಿಡಿದೆವು. ಮಾರ್ಚಿಯ ಒಂದು ಭಾನುವಾರ ಬೆಳಿಗ್ಗೆ ತಾಯಿಯವರು ಗಾಬರಿಯಿಂದ ಕೂಗಿದರು: “ಬಾರೋ, ಅಂಗಾತ ಬಿದ್ದುಬಿಟ್ಟಿದಾಳೆ!” ಓಡಿಹೋಗಿ ನೋಡಿದರೆ, ತಾನೇ ನೇಯ್ದ ಬಿಳಿಯ ಹಾಸಿನ ಮೇಲೆ ಬೆನ್ನು ಕೆಳಗಾಗಿ ಮಲಗಿದ್ದಾಳೆ. ಮಗನು ಬಾಯಿಯ ಮೇಲೆ ಬೆರಳಿಟ್ಟು ನಮ್ಮೆಲ್ಲರನ್ನೂ ಹಿಂದಕ್ಕೆ ಸರಿಸಿದ. ಸಾಯುವ ಜೇಡ ಕಾಲು ಮಡಚಿ ಹೊಟ್ಟೆಯಡಿಯಾಗಿ ಕುಸಿಯುತ್ತದೆ. ಅಂಗಾತ ಮಲಗುವುದು ಪೊರೆ ಬಿಡುವಾಗ. ಆಗ ಮುಟ್ಟಕೂಡದು, ಪೆಟ್ಟಿಗೆಯನ್ನು ಅಲುಗಿಸಕೂಡದು, ಮಿಡತೆಯಿದ್ದರೆ ಮೊದಲೇ ತೆಗೆದಿರಬೇಕು, ಮೆತ್ತಗಿರುವ ಮೈಯನ್ನು ಅದು ಕಚ್ಚೀತು. ಮಧ್ಯಾಹ್ನದ ಹೊತ್ತಿಗೆ ಹಳೆಯ ಪೊರೆ ಟೊಳ್ಳು ಜೇಡದಂತೆ ಪಕ್ಕದಲ್ಲಿ ಬಿದ್ದಿತ್ತು. ಹೊಸ ಕೆಂಪಮ್ಮನ ಗಂಟುಗಳು ದಾಸವಾಳದಂತೆ ಹೊಳೆಯುತ್ತಿದ್ದವು.

ಆ ಪೊರೆಯನ್ನು ಸಾಬೂನು ನೀರಿನಲ್ಲಿ ನೆನೆಸಿ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದರೆ ಗಂಡೋ ಹೆಣ್ಣೋ ತಿಳಿಯುತ್ತದೆ. ಹೆಣ್ಣೇ. ತಾಯಿಯವರು “ನಾನು ಹೇಳಲಿಲ್ಲವೆ?” ಎಂಬಂತೆ ನೋಡಿದರು. ಗಂಡಾದರೆ ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ಕಾಲ ಬದುಕುವುದಿಲ್ಲ. ಹೆಣ್ಣು ಇಪ್ಪತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಮಗನು ಓದಲು ಬೇರೆ ಊರಿಗೆ ಹೋದ ಮೇಲೂ ಪೆಟ್ಟಿಗೆ ನಮ್ಮ ಪಾಲಿಗೇ ಉಳಿಯುವುದೆಂಬುದು ಆಗ ನಮ್ಮ ಲೆಕ್ಕಕ್ಕೆ ಬಂದಿತು. ತಾಯಿಯವರು ಆ ಪೊರೆಯನ್ನು ಒಂದು ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟು ಮೈಸೂರಿಗೆ ಒಯ್ದರು. ಈಗಲೂ ಚಳಿಗಾಲ ಬಂದಿತೆಂದರೆ ದೂರವಾಣಿಯಲ್ಲಿ ಅವರ ಮೊದಲ ಪ್ರಶ್ನೆ, ಹಿಟ್ಟು ಚೆನ್ನಾಗಿ ಉಕ್ಕುತ್ತಿದೆಯೇ ಎಂಬುದು. ಉಕ್ಕುತ್ತಿದೆಯೆಂದರೆ ಕೆಂಪಮ್ಮನ ವಿಚಾರವನ್ನು ಬೇರೆಯಾಗಿ ಕೇಳುವುದಿಲ್ಲ.